ಟೆಸ್ಟ್ ಕಾಲ್

ಕೊನೆಯ ಅಂಕಿ ಒತ್ತುತ್ತಿದ್ದಂತೆ ರಿಪೇರಿಯವನ ಮೊಬೈಲಿನಲ್ಲಿ ಹೆಸರು ಮೂಡಿತು: ಅಮ್ಮ. ಅವನ ಬೆರಳು ಅಲ್ಲೇ ನಿಂತಿತು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಆ ಹೆಸರನ್ನು ಅಳಿಸಲು ಮಾತ್ರ ಅವನಿಗೆ ಮನಸ್ಸು ಬಂದಿರಲಿಲ್ಲ.

"ನಂಬರ್ ಸರಿಯಾಗಿ ಹೇಳಿದ್ರಾ?"

"ಅದೇ ಕಣಪ್ಪಾ, ಮೊನ್ನೆ ತಗೊಂಡ ಹೊಸ ಸಿಮ್ಮು," ಎಂದಳು ಕೌಂಟರಿನಾಚೆ ನಿಂತಿದ್ದ ಟೈಲರ್ ಹೆಂಗಸು. ಬೆಳಗಿನಿಂದ 'ಸಿಮ್ ಇಲ್ಲ' ಎಂದು ಮೊಂಡು ಹಿಡಿದಿದ್ದ ಅವಳ ಟ್ಯಾಬ್ಲೆಟ್ಟನ್ನು ಅವನು ಆಗಷ್ಟೇ ದಾರಿಗೆ ತಂದಿದ್ದ. ಸಿಮ್ಮಿನ ಹೊಂಬಣ್ಣದ ಮೈಯನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ್ದ. ಕರೆ ಬರುತ್ತದೆಯೇ ಎಂದು ನೋಡುವುದಷ್ಟೇ ಬಾಕಿ. ಒಬ್ಬರು ಬಿಟ್ಟುಹೋದ ನಂಬರನ್ನು ಕಂಪನಿಯವರು ಇನ್ನೊಬ್ಬರಿಗೆ ಕೊಡುತ್ತಾರೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಹೆಸರನ್ನು ಇನ್ನೊಮ್ಮೆ ಓದಿಕೊಂಡೇ ಕರೆಯ ಗುಂಡಿ ಒತ್ತಿದ.

ಅತ್ತ ಟ್ಯಾಬ್ಲೆಟ್ ರಿಂಗಾಯಿತು. ಅವಳು ಹಿಗ್ಗಿನಿಂದ ಎತ್ತಿಕೊಂಡು, "ಹಲೋ, ಹೇಳಪ್ಪಾ, ಕೇಳಿಸ್ತಾ ಇದೆಯಾ?" ಎಂದಳು. ಅವನು ಅವಳಿಗೆ ಬೆನ್ನು ಮಾಡಿ ಮೊಬೈಲನ್ನು ಕಿವಿಗೆ ಒತ್ತಿಕೊಂಡ.

"ಸರಿಹೋಯ್ತಲ್ಲ, ಇಡ್ಲಾ?"

"ಇಡ್ಬೇಡಿ," ಎಂದ, ಗೋಡೆಯನ್ನೇ ನೋಡುತ್ತಾ. "ಇನ್ನೂ ಸರಿಯಾಗಿಲ್ಲ. ಏನಾದ್ರೂ ಮಾತಾಡ್ತಾ ಇರಿ."