ಅಂಗಳದ ಸವತಿ

ಮದುವೆಯಾಗಿ ಬಂದ ದಿನದಿಂದ ನೀಲಾಂಬಿಕೆಗೆ ಅಂಗಳದ ಗುಲ್‌ಮೊಹರ್ ಮರ ಕಂಡರೆ ಸಂಕಟ. ಬೆಳಗಾದರೆ ಗಂಡ ಮೊದಲು ಅದಕ್ಕೇ ನೀರುಣಿಸುತ್ತಿದ್ದ. ತೀರಿಹೋದ ಮೊದಲ ಹೆಂಡತಿ ನೆಟ್ಟ ಮರವೇ ಇರಬೇಕು ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದಳು. ಕೇಳಲು ಬಾಯಿ ಬರಲಿಲ್ಲ.

ಮಾಘದಲ್ಲಿ ಎಲೆಯೆಲ್ಲ ಉದುರಿ ಮರ ಬೋಳಾಯಿತು. ಈಗ ಒಣಗಿದರೆ ಯಾರಿಗೂ ಸಂಶಯ ಬಾರದೆಂದು ಅವಳು ಅದರ ಬುಡಕ್ಕೆ ಕುದಿಯುವ ನೀರು ಸುರಿಯತೊಡಗಿದಳು. ಒಂದು ಸಂಜೆ ತಿರುಗಿ ನೋಡಿದರೆ ಹಿಂದೆ ಗಂಡ ನಿಂತಿದ್ದ.

“ಏನ್ ಮಾಡಾಕತ್ತಿ?”

ಪಾತ್ರೆ ಕೈಜಾರಿ ಬಿತ್ತು. “ಅಕಿ ಹಚ್ಚಿದ ಗಿಡದ ನೆರಳಾಗ ನನಗ ಸಂಸಾರ ಮಾಡಾಕ ಆಗೂದಿಲ್ರಿ!”

ಅವನು ಬಿದ್ದ ಪಾತ್ರೆಯನ್ನೆತ್ತಿ ಕಟ್ಟೆಯ ಮೇಲಿಟ್ಟ.

“ಇದನ್ನ ಹಚ್ಚಿದಾಕಿ ನಮ್ಮವ್ವ. ನಿನಗಿಂತ ಮೊದಲ ಬಂದಾಕಿನೂ ಹಿಂಗ ಕುದಿನೀರು ಹಾಕ್ತಿದ್ಲು.”