ಮಲಗಿದ ಎಂಟು

"ಹ್ಯಾಡ್ಲಿ ಊರಿನ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಬರುವ ಶನಿವಾರ ಸಂಜೆ ನಮ್ಮ ಮೈದಾನದಲ್ಲಿ ಒಬ್ಬನನ್ನು ಔಟ್ ಮಾಡಲಾಗುವುದು. ಒಬ್ಬನನ್ನು ಮಾತ್ರ. ತಾವೆಲ್ಲರೂ ಬಂಧುಮಿತ್ರರೊಡನೆ ಬಂದು ಚಂದಗಾಣಿಸಬೇಕು."

ರೇಡಿಯೋದಲ್ಲಿ ಇದನ್ನು ಓದಿದವನು ವೆಂಡೆಲ್ ಕ್ರೌಸ್. ಔಟ್ ಮಾಡಬೇಕಾದವನೂ ಅವನೇ.

ಮೈಕ್ ಆರಿದ ಮೇಲೆ, ಪಕ್ಕದ ಕುರ್ಚಿಯ ಸಹನಿರೂಪಕಿ ಲೋರೀನ್ ಕಾಫಿ ಲೋಟ ಕೆಳಗಿಟ್ಟಳು. "ಐವತ್ತು ದಾಟಿದ ಮೇಲೆ ಇದೆಲ್ಲ ಬೇಕಿತ್ತಾ ನಿಂಗೆ? ನೋಡ್ತಿರು, ಎಲ್ಲರಿಗಿಂತ ಮೊದಲು ನಿನ್ನ ಮಂಡಿ ಔಟಾಗುತ್ತೆ."

ಬೇಕಿತ್ತು. ಇಪ್ಪತ್ತಮೂರರ ಪ್ರಾಯದಲ್ಲಿ ವೆಂಡೆಲ್ ಹ್ಯಾಡ್ಲಿ ಬೇಸ್‌ಬಾಲ್ ತಂಡಕ್ಕೆ ಒಂದೇ ಒಂದು ಪಂದ್ಯದಲ್ಲಿ ಚೆಂಡು ಎಸೆದಿದ್ದ. ಬ್ಯಾಟ್ ಹಿಡಿದು ಐವರು ಬಂದರು, ಐವರೂ ಸುತ್ತು ಮುಗಿಸಿ 'ಮನೆ' ಮುಟ್ಟಿ ರನ್ನು ಗಳಿಸಿದರು. ಔಟಾದವರು ಯಾರೂ ಇಲ್ಲ. ಮರುವಾರ ಮೊಣಕೈ ಮುರಿಯಿತು. ತೋಳು ಹೋಯಿತು, ನಾಲಿಗೆ ಉಳಿಯಿತು. ಚೆಂಡು ಎಸೆಯುತ್ತಿದ್ದವನು ಮಾತು ಎಸೆಯತೊಡಗಿದ.

ಆದರೆ ಬೇಸ್‌ಬಾಲಿನವರು ಲೆಕ್ಕ ಬಿಡುವವರಲ್ಲ. ಎಸೆಗಾರ ಕೊಟ್ಟ ರನ್ನುಗಳನ್ನು ಅವನು ತೆಗೆದ ಔಟುಗಳಿಂದ ಭಾಗಿಸುತ್ತಾರೆ. ವೆಂಡೆಲನದು ಐದನ್ನು ಸೊನ್ನೆಯಿಂದ ಭಾಗಿಸುವ ಲೆಕ್ಕ, ಉತ್ತರ ಅನಂತ. ಅವನ ಹೆಸರಿನ ಮುಂದೆ ಅಡ್ಡ ಬಿದ್ದ ಎಂಟರಂಥ ಗುರುತು ಹಾಕಿದರು. ಅಂದಿನಿಂದ ಕ್ಷೌರದಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ, ಎಲ್ಲೆಲ್ಲೂ ಅವನು 'ಮಲಗಿದ ಎಂಟು'. "ಏನಪ್ಪಾ ಎಂಟು, ಇನ್ನೂ ಎದ್ದಿಲ್ವಾ?" ಎಂದರೆ ತಾನೂ ನಕ್ಕುಬಿಡುತ್ತಿದ್ದ. ನಗದಿದ್ದರೆ ಇನ್ನೂ ಜೋರಾಗಿ ನಗುತ್ತಾರೆಂದು ಗೊತ್ತಿತ್ತು.

ಕಳೆದ ವರ್ಷ ಮೊಮ್ಮಗಳು ಶಾಲೆಯಿಂದ ಬಂದು ಹೇಳಿದಳು: "ತಾತಾ, ಸೊನ್ನೆಯಿಂದ ಯಾಕೆ ಭಾಗಿಸಬಾರದು ಅನ್ನೋಕೆ ಟೀಚರ್ ನಿನ್ನನ್ನೇ ಉದಾಹರಣೆ ಕೊಟ್ರು. ಎಲ್ಲರೂ ನನ್ನ ಕಡೆ ನೋಡಿದ್ರು."

ಆ ಸಲ ಅವನಿಗೆ ನಗಲಾಗಲಿಲ್ಲ.

ಒಂದು ಔಟ್ ಸಿಕ್ಕರೆ ಸಾಕು, ಅನಂತ ಹೋಗಿ ಅಂಕಿ ಬರುತ್ತದೆ. ಎಷ್ಟೇ ಕೆಟ್ಟ ಅಂಕಿಯಾದರೂ ಅದಕ್ಕೊಂದು ಕೊನೆ ಇರುತ್ತದೆ. ಅವನು ತಂಡದ ಮ್ಯಾನೇಜರ್ ಗಸ್‌ನ ಬೆನ್ನು ಬಿದ್ದ. ಸೋಲು ಗೆಲುವು ಲೆಕ್ಕಕ್ಕಿಲ್ಲದ ಕೊನೆಯ ಪಂದ್ಯದಲ್ಲಿ ಮೊದಲ ಆಟಗಾರನಿಗೆ ಅವನೇ ಎಸೆಯುವುದು, ಆಮೇಲೆ ಇಳಿಯುವುದು ಎಂದು ಮಾತಾಯಿತು. ಚಳಿಗಾಲವಿಡೀ ವೆಂಡೆಲ್ ಗ್ಯಾರೇಜಿನ ಬಾಗಿಲಿಗೆ ಎಸೆದು ಎಸೆದು ಒಂದು ಚೆಂಡು ಕಲಿತಿದ್ದ. ಉಗುರಲ್ಲಿ ಹಿಡಿದು ಬಿಡುವ ಚೆಂಡು, ಸುತ್ತುವುದಿಲ್ಲ, ತೇಲುತ್ತದೆ. ಎಲ್ಲಿಗೆ ಹೋಗುತ್ತದೆಂದು ಎಸೆದವನಿಗೂ ತಿಳಿಯದು.

ಶನಿವಾರ ಬೆಳಿಗ್ಗೆ ಅವನ ಧೈರ್ಯ ಕೈಕೊಟ್ಟಿತು. ಎದುರಾಳಿಗಳ ಬಸ್ಸು ಬಂದು ನಿಂತದ್ದೇ ಮೊದಲ ಆಟಗಾರ ಯೋರ್ಮನ್ ಪೆಗೆರೊನನ್ನು ಬೇಲಿಯ ಮರೆಗೆ ಕರೆದ. ಡೊಮಿನಿಕನ್ ಹುಡುಗ, ಇಪ್ಪತ್ತೊಂದರ ಪ್ರಾಯ, ಜಿಂಕೆಗಾಲು.

"ಕೇಳೋಕೇ ನಾಚಿಕೆ ಆಗ್ತಿದೆ ಕಣಪ್ಪಾ. ಇವತ್ತು... ನನ್ನ ಚೆಂಡಿಗೆ ನಿನ್ನ ಬ್ಯಾಟ್ ತಾಗದಿದ್ರೆ..."

ಹುಡುಗ ನೆಲ ನೋಡಿದ. ಅವನ ಕಡೆ ಹಿರಿಯರ ಹೆಸರಿಗೆ ಮರ್ಯಾದೆಗೆ 'ಡಾನ್' ಸೇರಿಸುತ್ತಾರೆ. "ನೀವು ಹಿರಿಯರು, ಡಾನ್ ವೆಂಡೆಲ್. ನಿಮ್ಮ ಮುಖ ನೋಡ್ಕೊಂಡು ಇಲ್ಲ ಅನ್ನೋಕೆ ಬಾಯಿ ಬರಲ್ಲ."

ಅಷ್ಟು ಸಾಕಾಯಿತು. ಹಾಗೆಂದುಕೊಂಡು ಹೊರಟವನು ಮಧ್ಯಾಹ್ನದ ರೊಟ್ಟಿಯನ್ನು ಹಾಗೇ ನಾಯಿಗೆ ಹಾಕಿದ.

ಸಂಜೆ ಊರಿಗೆ ಊರೇ ಎದ್ದು ನಿಂತಿತ್ತು. ಮುಂದಿನ ಸಾಲಿನಲ್ಲಿ ಮೊಮ್ಮಗಳು, ಅವಳ ಪಕ್ಕ ಅದೇ ಟೀಚರ್. ಅವರು ತಟ್ಟಿದ ಒಂದೊಂದು ಚಪ್ಪಾಳೆಯೂ ವೆಂಡೆಲನಿಗೆ ಕೆನ್ನೆಯ ಮೇಲೆ ಬಿದ್ದಂತಿತ್ತು.

ಮೂರು ಸಲ ಬೀಸಿ ತಪ್ಪಿದರೆ ಔಟ್. ಮೊದಲ ಚೆಂಡು ತೇಲಿತು. ಯೋರ್ಮನ್ ಮರ ಕಡಿಯುವವನಂತೆ ಬೀಸಿದ. ಗಾಳಿ ಸಿಕ್ಕಿತು, ಚೆಂಡು ಸಿಗಲಿಲ್ಲ. ಜನ ಹೋ ಎಂದರು.

ಎರಡನೆಯದಕ್ಕೆ ಬೀಸಿದ ರಭಸಕ್ಕೆ ಹುಡುಗನ ಹೆಲ್ಮೆಟ್ ಹಾರಿ ಬಿತ್ತು. ಅವನು ಸ್ಪ್ಯಾನಿಷ್‌ನಲ್ಲಿ ಏನೋ ಬೈದುಕೊಂಡ.

'ಸ್ವಲ್ಪ ಕಮ್ಮಿ ನಟಿಸೋ ಮಾರಾಯ, ಸಿಕ್ಕಿಬೀಳ್ತೀವಿ' ಎಂದು ವೆಂಡೆಲ್ ಒಳಗೊಳಗೇ ಬೆವೆತ.

ಮೂರನೆಯದು ಎದೆಯೆತ್ತರದಲ್ಲಿ ಬಂದು, ಮನಸ್ಸು ಬದಲಿಸಿದಂತೆ ದಬಕ್ಕನೆ ಕುಸಿಯಿತು. ಯೋರ್ಮನ್ ಬೀಸಿ, ತನ್ನ ಸುತ್ತ ತಾನೇ ತಿರುಗಿ, ಮಂಡಿಯೂರಿದ. ಮೂರೂ ಆಯಿತು! ವೆಂಡೆಲ್ ಎರಡೂ ಕೈ ಮೇಲೆತ್ತಿದ.

ಚೆಂಡು ಬ್ಯಾಟಿನವನ ಹಿಂದೆ ಕೂತ ಕ್ಯಾಚರನನ್ನೂ ಬೇಸ್ತು ಬೀಳಿಸಿತ್ತು. ಅವನ ಗ್ಲೌಸಿನ ಅಂಚಿಗೆ ಬಡಿದು ಬೇಲಿಯತ್ತ ಉರುಳುತ್ತಿತ್ತು.

ಮೂರನೆಯ ಚೆಂಡನ್ನು ಕ್ಯಾಚರ್ ಹಿಡಿಯದಿದ್ದರೆ ಆಟಗಾರ ಔಟಲ್ಲ, ಚೆಂಡಿಗಿಂತ ಮೊದಲು ಒಂದನೇ ಬೇಸ್ ಮುಟ್ಟಿದರೆ ಬಚಾವು. ಈ ನಿಯಮವನ್ನು ರೇಡಿಯೋದಲ್ಲಿ ಊರಿಗೆಲ್ಲ ಪಾಠ ಹೇಳಿದವನೇ ವೆಂಡೆಲ್.

"ಹೋಗಬೇಡ್ವೋ!" ಎಂದು ಅವನು ಕೂಗುವಷ್ಟರಲ್ಲಿ ಜಿಂಕೆಗಾಲು ಬೇಸ್ ಮೇಲಿತ್ತು.

ಗಸ್ ಬಂದು ಕೈ ಚಾಚಿದ. "ಚೆಂಡು ಕೊಡು ವೆಂಡೆಲ್. ಒಬ್ಬನೇ ಅಂತ ಮಾತು."

"ಮೂರು ಸಲ ಬೀಸಿ ತಪ್ಪಿದನಲ್ಲೋ!"

"ಅದು ನಿನ್ನ ಹೆಸರಿಗೇ ಬರುತ್ತೆ. ಔಟ್ ಮಾತ್ರ ಇಲ್ಲ. ಐದು ಭಾಗಿಸು ಸೊನ್ನೆ."

ತಂಡದ ಬೆಂಚಿಗೆ ಒಂದನೇ ಬೇಸ್ ದಾಟಿಯೇ ಹೋಗಬೇಕು. ಮೊಮ್ಮಗಳ ಕಡೆ ನೋಡಲಾಗದೆ ವೆಂಡೆಲ್ ತಲೆ ತಗ್ಗಿಸಿಕೊಂಡು ನಡೆದ. ಯೋರ್ಮನ್‌ನ ಹತ್ತಿರ ಕಾಲು ತಾನಾಗಿ ನಿಂತಿತು.

"ಅಷ್ಟು ಚೆನ್ನಾಗಿ ನಟಿಸಿ, ಕೊನೇಲಿ ಯಾಕೋ ಓಡಿದೆ?"

ಹುಡುಗನ ಮುಖ ಅವನದಕ್ಕಿಂತ ಕೆಂಪಾಗಿತ್ತು. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಿಮ್ಮ ಕಾಲಿಗೆ ಬೀಳ್ತೀನಿ ಡಾನ್ ವೆಂಡೆಲ್, ಮೂರಕ್ಕೂ ನಿಜವಾಗಿ ಹೊಡೆಯೋಕೇ ಹೋದೆ, ಒಂದೂ ಸಿಗಲಿಲ್ಲ, ನಮ್ಮಪ್ಪನಿಗೆ ಗೊತ್ತಾದ್ರೆ ಮನೆಗೆ ಸೇರಿಸಲ್ಲ, ನೀವು ಕೇಳಿದ್ದಕ್ಕೇ ಬೇಕಂತ ಬಿಟ್ಟೆ ಅಂತ ರೇಡಿಯೋದಲ್ಲಿ ಹೇಳಿಬಿಡಿ!"