ಶೆಡ್ಡಿನ ಮುಂದಿನ ರಂಗೋಲಿ

ಷಟರ್ ಮುಂದೆ ನೀರು ಚಿಮುಕಿಸಿ ಅವಳು ರಂಗೋಲಿ ಎಳೆಯುತ್ತಿದ್ದಾಗ ನಗರಸಭೆಯ ಜೀಪು ಗೇಟಿಗೆ ಬಂದು ನಿಂತಿತು. ಅಧಿಕಾರಿ ಇಳಿದು ಕಟ್ಟಡದ ನಕ್ಷೆ ಬಿಡಿಸಿದ.

“ಇದು ಕಾರ್ ಶೆಡ್ ಅಲ್ವೇನಮ್ಮಾ?”

“ಹೌದು ಸಾರ್, ಓನರ್ ಕಾರು ನಿಲ್ಲಿಸ್ತಾರೆ.” ಮಹಡಿಯ ಮಾಲೀಕರು ಹೇಳಿಕೊಟ್ಟಿದ್ದನ್ನು ತಡವರಿಸದೆ ಒಪ್ಪಿಸಿದಳು.

“ಕಾರ್ ಶೆಡ್ಡಿಗೆ ಯಾರಮ್ಮಾ ರಂಗೋಲಿ ಹಾಕ್ತಾರೆ?”

“ಶುಕ್ರವಾರ ಅಲ್ವಾ ಸಾರ್... ಲಕ್ಷ್ಮಿ ಯಾವ ಕಡೆಯಿಂದಾದ್ರೂ ಬರ್ಲಿ ಅಂತ.”

ಆತ ನಕ್ಕುಬಿಟ್ಟ. “ಬರ್ಲಿ ಬಿಡಿ. ಆದ್ರೆ ಶೆಡ್ಡಲ್ಲಿ ಕಾರು ಬಿಟ್ಟು ಬೇರೇನೂ ಇರೋ ಹಾಗಿಲ್ಲ. ಸಂಜೆ ಮತ್ತೆ ಬರ್ತೀನಿ. ಕಾರಿಲ್ದಿದ್ರೆ ಬೀಗ ಜಡೀತೀನಿ.”

“ಕಾರು ಇರುತ್ತೆ ಸಾರ್.”

ಅಷ್ಟರಲ್ಲಿ ಷಟರ್ ಒಂದು ಮೊಳ ಮೇಲೆದ್ದಿತು. ಒಳಗಿನಿಂದ ಮಗಳು ನಿದ್ದೆಗಣ್ಣಿನಲ್ಲೇ ತಲೆ ಹೊರಹಾಕಿ ಕೇಳಿದಳು: “ಅಮ್ಮಾ, ಕಾರು ಬಂದ್ರೆ ನಾವೆಲ್ಲಿ ಮಲಗೋದು?”